ಪಟ್ಟಿಯ ಕೊನೆಯ ಹೆಸರುಗಳು

(ಹಾರವಾಡದಲ್ಲಿ ಯುವಜನರ ಮುಂದೆ ಮಾಡಿದ ಭಾಷಣದ ಬರಹರೂಪ)

ಕರಾವಳಿಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಚೆಂಡು ಒದೆಯುವುದೂ ಆಟ; ರಾತ್ರಿಯಿಡೀ ಕುಳಿತು ನೋಡುವ ಯಕ್ಷಗಾನವೂ ಆಟ. ಘಟ್ಟದ ಮೇಲಿನವರಿಗೆ ಇದು ಗೊಂದಲ ಅನ್ನಿಸಬಹುದು, ಹಾರವಾಡದವರಿಗಾಗಲಿ ಅಂಕೋಲೆಯವರಿಗಾಗಲಿ ಅನ್ನಿಸುವುದಿಲ್ಲ. ಆಟಕ್ಕೆ ಹೋಗೋಣವೇ ಎಂದು ಸಂಜೆ ನಾಲ್ಕಕ್ಕೆ ಕೇಳಿದರೆ ಮೈದಾನ, ರಾತ್ರಿ ಒಂಬತ್ತಕ್ಕೆ ಕೇಳಿದರೆ ರಂಗಸ್ಥಳ.

ಎರಡೂ ಆಟಗಳಿಗೆ ಸಮಾನವಾದ ಇನ್ನೊಂದು ಸಂಗತಿಯಿದೆ. ಆಟ ಆರಂಭವಾಗುವುದಕ್ಕೆ ತಿಂಗಳುಗಳ ಮೊದಲೇ ಅದರ ಕುರಿತು ಜಗಳ ಆರಂಭವಾಗಿರುತ್ತದೆ. ಈ ವರ್ಷ ಯಾರು ಯಾವ ಮೇಳಕ್ಕೆ? ಭಾಗವತರು ಇದ್ದಲ್ಲೇ ಉಳಿದರೇ, ಬಿಟ್ಟರೇ? ಅವರು ಬಿಟ್ಟರೆ ಮೇಳದ ಗತಿಯೇನು? ಮಳೆಗಾಲ ಮುಗಿಯುತ್ತ ಬಂದಂತೆ ಚಹಾದಂಗಡಿಗಳಲ್ಲಿ ಈ ಚರ್ಚೆ ಕಾವೇರುತ್ತಿತ್ತು. ಇಂದು ಅದೇ ವಯಸ್ಸಿನ ಹುಡುಗರು ಅದೇ ಕಾವಿನಲ್ಲಿ, ಬೆಂಗಳೂರು ಎಫ್‌ಸಿ ಈ ಸಲ ಯಾರನ್ನು ಕೈಬಿಟ್ಟಿತು, ಬಲ ರಕ್ಷಣೆಗೆ ಎರಡನೆಯವನು ಯಾರು, ಮುಂಚೂಣಿಯಲ್ಲಿ ಗೋಲು ಹೊಡೆಯುವವನಿಗೆ ಕಾಲು ಉಳುಕಿದರೆ ಯಾರನ್ನು ಇಳಿಸುತ್ತಾರೆ ಎಂದು ವಾದಿಸುತ್ತಾರೆ. ಹಿರಿಯರಿಗೆ ಇದು ಟಿವಿ ತಂದಿಟ್ಟ ಹೊಸ ಹುಚ್ಚಿನಂತೆ ಕಾಣಬಹುದು. ಹಾಗೆ ನೋಡಿದರೆ ಈ ಹುಚ್ಚು ಅವರದೇ ಮನೆಯ ಆಸ್ತಿ.

ವೃತ್ತಿಮೇಳದ ರಚನೆಯನ್ನು ಸ್ವಲ್ಪ ಗಮನಿಸಿ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ. ಮುಮ್ಮೇಳದಲ್ಲಿ ಎರಡನೆಯ ವೇಷ, ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಪ್ರಧಾನ ಭಾಗವತರು ರಂಗಕ್ಕೆ ಬರುವ ಮೊದಲು ಪೂರ್ವರಂಗದ ಪದ್ಯ ಹೇಳಲು ಸಂಗೀತಗಾರನೆಂಬ ಕಿರಿಯ ಹಾಡುಗಾರನಿರುತ್ತಾನೆ. ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಕುಣಿಯುವ ಹುಡುಗರಿರುತ್ತಾರೆ. ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುತ್ತಿರುವ ಹೊತ್ತಿನಲ್ಲಿ ಕುಣಿಯುವ ಈ ಹುಡುಗರ ಹೆಸರು ಪ್ರಚಾರದ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರುವುದಿಲ್ಲ. ಆದರೆ ನವೆಂಬರ್ ಸುಮಾರಿಗೆ ಹೊರಟ ಮೇಳ ಮೇ ತಿಂಗಳವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಆಡಬೇಕು. ಆರು ತಿಂಗಳ ಈ ತಿರುಗಾಟದಲ್ಲಿ ಗಂಟಲು ಕಟ್ಟದ ಭಾಗವತರಿಲ್ಲ, ಜ್ವರ ಬಾರದ ವೇಷಧಾರಿಯಿಲ್ಲ. ಅಂಥ ರಾತ್ರಿ ಚೌಕಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಮೇಳದ ಮಾನ ನಿಂತಿರುತ್ತದೆ. ಹೊರಗಿನಿಂದ ಅತಿಥಿ ಕಲಾವಿದರನ್ನು ಕರೆಸಬಹುದು ನಿಜ, ಆದರೆ ಅಂದಿನ ರಾತ್ರಿ ಹತ್ತಕ್ಕೆ ಮೊದಲು ಅವರು ತಲುಪಬೇಕಲ್ಲ!

ಚೆಂಡಾಟದವರು ಇಂದು ತಂಡದ ‘ಆಳ’ ಎನ್ನುವುದು ಇದನ್ನೇ. ಕಣಕ್ಕಿಳಿಯುವವರು ಹನ್ನೊಂದು ಜನ. ಋತುವನ್ನು ದಾಟಿಸುವವರು ಹನ್ನೆರಡರಿಂದ ಇಪ್ಪತ್ತೈದರವರೆಗಿನವರು.

ಈ ಆಳದ ಬೆಲೆ ಯಕ್ಷಗಾನ ಪ್ರೇಕ್ಷಕರಿಗೆ ಅತ್ಯಂತ ನೋವಿನಿಂದ ತಿಳಿದದ್ದು 1990ರಲ್ಲಿ. ಸಾಲಿಗ್ರಾಮ ಮೇಳದ ಭಾಗವತ ಜಿ.ಆರ್. ಕಾಳಿಂಗ ನಾವಡರು ಆ ವರ್ಷದ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ದನಿಗೆಂದೇ ಡೇರೆಗೆ ಟಿಕೆಟ್ ಕೊಳ್ಳುವವರಿದ್ದರು. ಮುಂದಿನ ತಿರುಗಾಟಕ್ಕೆ ಮೇಳ ಹೊರಡಲೇಬೇಕಿತ್ತು, ಆ ಪೀಠದಲ್ಲಿ ಇನ್ನೊಬ್ಬರು ಕೂರಲೇಬೇಕಿತ್ತು. ಒಬ್ಬ ನಾವಡರ ಬದಲಿಗೆ ಇನ್ನೊಬ್ಬ ನಾವಡರು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೇಳಗಳು ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಪೆರ್ಡೂರು ಮೇಳದ ಸುಬ್ರಹ್ಮಣ್ಯ ಧಾರೇಶ್ವರರಂಥ ಭಾಗವತರು ತಮ್ಮದೇ ಬಗೆಯ ಪ್ರೇಕ್ಷಕರನ್ನು ಕಟ್ಟಿಕೊಂಡರು. ಹೆಸರೇ ಹೇಳುವಂತೆ ಅವರು ನಮ್ಮ ಉತ್ತರ ಕನ್ನಡದವರು. ಹಾಡಿದ್ದು ಉಡುಪಿ ಕಡೆಯ ಮೇಳದಲ್ಲಿ. 2024ರಲ್ಲಿ ಅವರು ತೀರಿಕೊಂಡಾಗ ಎರಡೂ ಜಿಲ್ಲೆಗಳವರು ಅವರನ್ನು ತಮ್ಮವರೆಂದೇ ನೆನೆದರು.

ಆಳ ತಾನಾಗಿ ಹುಟ್ಟುವುದಿಲ್ಲ ಎಂಬುದನ್ನೂ ಯಕ್ಷಗಾನದವರು ಬೇಗ ಅರಿತರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಬೆನ್ನಿಗೆ, ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಎಂಬ ತರಬೇತಿ ಶಾಲೆ ತೆರೆದರು. ಚೆಂಡಾಟದ ಕ್ಲಬ್ಬುಗಳು ಅಕಾಡೆಮಿ ಎಂದು ಕರೆಯುವುದು ಇಂಥದ್ದನ್ನೇ.

ಮೇಳದ ಪದ್ಧತಿಯಲ್ಲಿ ಕಲಾವಿದನಿಗೆ ಒಂದು ಸ್ವಾತಂತ್ರ್ಯವಿತ್ತು. ಯಜಮಾನರು ಮುಂಗಡ ಕೊಡಲು ಬಂದಾಗ ಬೇಡವೆನ್ನಬಹುದು, ಇನ್ನೊಂದು ಮೇಳದವರ ಮುಂಗಡಕ್ಕೆ ಕಾಯಬಹುದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಮೇರುನಟರು ತಮ್ಮ ದೀರ್ಘ ಬದುಕಿನಲ್ಲಿ ಹಲವು ಮೇಳಗಳ ಗೆಜ್ಜೆ ಕಟ್ಟಿದರು. ಸಣ್ಣ ವೇಷದವನಿಗೆ ಚೌಕಾಶಿ ಮಾಡುವ ಬಲ ಕಡಿಮೆಯಿತ್ತು, ಸಾಲದ ಹಂಗೂ ಇತ್ತು. ಆದರೂ ಎಲ್ಲಿಗೆ ಹೋಗುತ್ತೀಯಾ ಎಂದು ಅವನನ್ನೇ ಕೇಳುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬರುವ ಇನ್ನೊಂದು ಪದ್ಧತಿಯಲ್ಲಿ ಅವನನ್ನು ಕೇಳುವುದೇ ಇಲ್ಲ.

ಆ ಪದ್ಧತಿಯ ಹೆಸರು ಡ್ರಾಫ್ಟ್. ಇದನ್ನು ಹರಾಜಿನೊಡನೆ ಬೆರೆಸಬಾರದು. ಹರಾಜು ಎಂದರೇನೆಂದು ಮೀನುಗಾರರ ಊರಿನಲ್ಲಿ ವಿವರಿಸಬೇಕಾಗಿಲ್ಲ. ದಡಕ್ಕೆ ಬಂದ ಮೀನಿಗೆ ಒಬ್ಬ ಇಷ್ಟು ಎನ್ನುತ್ತಾನೆ, ಇನ್ನೊಬ್ಬ ಅದರ ಮೇಲೆ ಏರಿಸುತ್ತಾನೆ, ಹಣವಿದ್ದವನಿಗೆ ಬುಟ್ಟಿ. ಡ್ರಾಫ್ಟ್ ಹಾಗಲ್ಲ. ಶಾಲೆಯ ಬಯಲಿನಲ್ಲಿ ಹುಡುಗರು ಎರಡು ಬಣವಾಗುವಾಗ ಇಬ್ಬರು ನಾಯಕರು ಸರದಿಯಂತೆ ಒಬ್ಬೊಬ್ಬರನ್ನು ಕರೆಯುತ್ತಾರಲ್ಲ, ಅದೇ ಇದು. ಸಂಬಳ ಮೊದಲೇ ನಿಗದಿ. ಸರದಿ ಬಂದವನು ಹೆಸರು ಹೇಳುತ್ತಾನೆ, ಹೆಸರು ಬಂದವನು ಆ ಕಡೆಗೆ ಹೋಗಿ ನಿಲ್ಲುತ್ತಾನೆ. ಕೊನೆಗೆ ಉಳಿಯುವ ಹುಡುಗನ ಮುಖ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು.

ಇದನ್ನು ದೊಡ್ಡವರ ವ್ಯವಹಾರವಾಗಿ ಮಾಡಿದವರು ಅಮೆರಿಕದವರು. ಅವರು ಫುಟ್‌ಬಾಲ್ ಎನ್ನುವುದು ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಅವುಚಿಕೊಂಡು ಓಡುವ ಬೇರೊಂದು ಆಟಕ್ಕೆ. ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಎಂಬಾತ 1935ರಲ್ಲಿ ತನ್ನ ಸಂಕಟವನ್ನು ಲೀಗಿನ ಮುಂದಿಟ್ಟ. ಕಾಲೇಜಿನಿಂದ ಬರುವ ಒಳ್ಳೆಯ ಆಟಗಾರರೆಲ್ಲ ಹಣವಂತ ತಂಡಗಳಿಗೇ ಹೋಗುತ್ತಾರೆ, ಸೋಲುವವರು ಸೋಲುತ್ತಲೇ ಇರುತ್ತಾರೆ, ಹೀಗಾದರೆ ನೋಡುವವರಾದರೂ ಏಕೆ ಬರಬೇಕು ಎಂಬುದು ಅವನ ವಾದ. ಹಿಂದಿನ ವರ್ಷ ತಳದಲ್ಲಿದ್ದವರಿಗೆ ಮೊದಲ ಸರದಿ ಕೊಡಿ ಎಂದು ಕೇಳಿದ. ತಳದಲ್ಲಿದ್ದವನು ಅವನೇ ಎಂಬುದು ಬೇರೆ ಮಾತು! 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಒಂಬತ್ತು ತಂಡಗಳು ಒಂಬತ್ತು ಸುತ್ತುಗಳಲ್ಲಿ 81 ಹೆಸರುಗಳನ್ನು ಆರಿಸಿಕೊಂಡವು. ಮೊತ್ತಮೊದಲನೆಯದಾಗಿ ಕರೆದ ಹೆಸರು ಜೇ ಬರ್ವ್ಯಾಂಗರ್, ಆ ಹೊತ್ತಿನ ಅತ್ಯಂತ ಪ್ರಸಿದ್ಧ ಕಾಲೇಜು ಆಟಗಾರ. ಅವನು ಆ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಕೇಳಿದ ಸಂಬಳ ಸಿಗಲಿಲ್ಲ, ಬೇರೆ ಉದ್ಯೋಗ ನೋಡಿಕೊಂಡ. ಇಂದು ಆ ದೇಶದಲ್ಲಿ ಆಯ್ಕೆಯ ದಿನವೆಂದರೆ ಹಬ್ಬ, ವಾರಗಟ್ಟಲೆ ಅಭಿಮಾನಿಗಳ ವಾಗ್ವಾದ. ಅದೆಲ್ಲದರ ಮೊದಲ ಪುಟದಲ್ಲಿರುವುದು ಬರಲೊಲ್ಲೆ ಎಂದವನ ಹೆಸರು.

ಭಾರತದ ಕಾಲ್ಚೆಂಡಾಟಕ್ಕೆ ಈ ಪದ್ಧತಿ ಬಂದದ್ದು 2014ರಲ್ಲಿ, ಇಂಡಿಯನ್ ಸೂಪರ್ ಲೀಗ್ ಎಂಬ ಹೊಸ ಲೀಗಿನೊಂದಿಗೆ. ಮರುವರ್ಷ ಡ್ರಾಫ್ಟಿನ ಜೊತೆಗೆ ಹತ್ತು ಮಂದಿ ಹೆಸರಾಂತ ಭಾರತೀಯ ಆಟಗಾರರನ್ನು ಹರಾಜಿಗೂ ಇಟ್ಟರು. ಬೆಂಗಳೂರು ಎಫ್‌ಸಿಯ ನಾಯಕ ಸುನಿಲ್ ಛೆಟ್ರಿಯನ್ನು ಮುಂಬೈ ತಂಡ 1.2 ಕೋಟಿ ರೂಪಾಯಿಗೆ ಕೊಂಡಿತು. ಬೆಂಗಳೂರು ಆಗ ಹಳೆಯ ಐ-ಲೀಗಿನಲ್ಲಿತ್ತು. ಹೀಗಾಗಿ ಛೆಟ್ರಿ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬೈಗೂ ಉಳಿದಂತೆ ಬೆಂಗಳೂರಿಗೂ ಆಡಿದರು. ಒಂದೇ ತಿರುಗಾಟದಲ್ಲಿ ಎರಡು ಡೇರೆ!

2017ರಲ್ಲಿ ಬೆಂಗಳೂರು ಎಫ್‌ಸಿ ಸೂಪರ್ ಲೀಗಿಗೆ ಸೇರಿತು. 2013ರಲ್ಲಷ್ಟೇ ಹುಟ್ಟಿದ ಈ ಕ್ಲಬ್ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಮತ್ತೊಮ್ಮೆ ಗೆದ್ದು, ಅದೇ ವರ್ಷ ಎಎಫ್‌ಸಿ ಕಪ್ಪಿನ ಫೈನಲ್‌ವರೆಗೆ ಹೋಗಿತ್ತು. ಅಂಥ ತಂಡಕ್ಕೆ ಈಗ ತನ್ನವರನ್ನೆಲ್ಲ ಇಟ್ಟುಕೊಳ್ಳಲು ಅವಕಾಶವಿರಲಿಲ್ಲ. ಹಿರಿಯ ಭಾರತೀಯ ಆಟಗಾರರಲ್ಲಿ ಹೆಚ್ಚೆಂದರೆ ಇಬ್ಬರನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಸುತ್ತಿನ ಸರದಿಯನ್ನು ಬಿಟ್ಟುಕೊಡಬೇಕು. ಕ್ಲಬ್ ಛೆಟ್ರಿಯನ್ನೂ ಮಣಿಪುರದ ಯುವಕ ಉದಾಂತ ಸಿಂಗ್‌ನನ್ನೂ ಉಳಿಸಿಕೊಂಡಿತು. ಕಿರಿಯರ ಲೆಕ್ಕದಲ್ಲಿ ನಿಶು ಕುಮಾರ್ ಮುಂತಾದವರು ಉಳಿದರು. ಮಧ್ಯಕ್ಷೇತ್ರದಲ್ಲಿ ಮೂರು ವರ್ಷ ತಂಡದ ಜೀವಾಳವಾಗಿದ್ದ ಶಿಲ್ಲಾಂಗಿನ ಯುಜೀನ್‌ಸನ್ ಲಿಂಗ್ಡೊ ಹೊರಗುಳಿದರು.

ಅಭಿಮಾನಿಗಳ ವಾದಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟಿಗೆ ಬೇಕೆ? ಉದಾಂತನ ವೇಗ ಮುಂದಿನ ಹತ್ತು ವರ್ಷಕ್ಕೆ ಎನ್ನುವುದು ಒಂದು ವಾದ. ಲಿಂಗ್ಡೊನಂತೆ ಚೆಂಡು ಕೊಡುವವನಿಲ್ಲದೆ ವೇಗಕ್ಕೆ ಏನು ಬೆಲೆ ಎನ್ನುವುದು ಇನ್ನೊಂದು. ಎರಡರಲ್ಲೂ ತಿರುಳಿದೆ. ಮುಂಬೈಯಲ್ಲಿ 2017ರ ಜುಲೈ 23ರಂದು ನಡೆದ ಆಯ್ಕೆಯಲ್ಲಿ ಹೊಸ ತಂಡ ಜಮ್ಶೆಡ್‌ಪುರ ಮೊದಲಿಗೆ ಕೇರಳದ ರಕ್ಷಣಾ ಆಟಗಾರ ಅನಸ್ ಎಡತೊಡಿಕರನ್ನು ಆರಿಸಿತು. ಲಿಂಗ್ಡೊ ಕೋಲ್ಕತ್ತದ ಪಾಲಾದರು. ಇಬ್ಬರಿಗೂ 1.1 ಕೋಟಿ ರೂಪಾಯಿ. ಆದರೆ ಆ ಋತುವಿನಲ್ಲಿ ಲಿಂಗ್ಡೊಗೆ ಮೊಣಕಾಲಿನ ಗಾಯವಾಗಿ ಬಹುಪಾಲು ಪಂದ್ಯಗಳಿಗೆ ಹೊರಗೆ ಕುಳಿತರು. ಗಾಯವಾಗಲಿದೆ ಎಂದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲವಷ್ಟೆ.

ಅದೇ ದಿನ ಬೆಂಗಳೂರು ಆರಿಸಿದವರಲ್ಲಿ ಮುಂಬೈ ಮೂಲದ ಬಲ ರಕ್ಷಣಾ ಆಟಗಾರ ರಾಹುಲ್ ಭೇಕೆ ಒಬ್ಬರು. ಮರುದಿನದ ದೊಡ್ಡ ಸುದ್ದಿ ಅವರಾಗಿರಲಿಲ್ಲ, ಕೋಟಿಯವರಾಗಿದ್ದರು. ಬೆಂಗಳೂರು ತಂಡ ಆ ವರ್ಷ ಅಂಕಪಟ್ಟಿಯ ತುದಿಯಲ್ಲಿ ನಿಂತೂ ಕಂಠೀರವ ಕ್ರೀಡಾಂಗಣದ ತವರು ಜನರೆದುರೇ ಫೈನಲ್ಲಿನಲ್ಲಿ ಚೆನ್ನೈಗೆ 2–3ರಿಂದ ಸೋತಿತು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಮತ್ತೊಂದು ಫೈನಲ್. ಎದುರಾಳಿ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಗೋವಾದ ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರಹೋದ. 117ನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ತಲೆಕೊಟ್ಟು ಬಲೆಯೊಳಕ್ಕೆ ಕಳಿಸಿದ್ದು ಛೆಟ್ರಿಯಲ್ಲ, ಉದಾಂತನಲ್ಲ, ರಾಹುಲ್ ಭೇಕೆ. ಬೆಂಗಳೂರಿಗೆ ಮೊದಲ ಸೂಪರ್ ಲೀಗ್ ಕಿರೀಟ.

ಈ ಪಂದ್ಯದ ಮಾತು ಕಾರವಾರ–ಅಂಕೋಲೆಗಳಲ್ಲಿ ಸ್ವಲ್ಪ ಇಕ್ಕಟ್ಟಿನದು. ರಾಜಧಾನಿ ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ, ಘಟ್ಟ ಹತ್ತಿ ಹೋಗಬೇಕು. ಗೋವಾ ತಂಡದ ಮಡಗಾಂವ್ ಮೈದಾನವಾದರೋ ನೂರು ಕಿಲೋಮೀಟರಿನ ಒಳಗೆ. ಹಾರವಾಡದ ನಿಲ್ದಾಣವಿರುವ ಕೊಂಕಣ ರೈಲುದಾರಿಯಲ್ಲೇ ಮಡಗಾಂವ್ ಕೂಡ ಇದೆ. ಕಾಳಿ ನದಿಯ ಆಚೀಚೆ ಒಂದೇ ಕೊಂಕಣಿ, ಒಂದೇ ಮೀನುಸಾರು. ನಮ್ಮ ತಂಡ ಯಾವುದು? ರಾಜ್ಯದ ಹೆಸರಿನದೋ, ನೆರೆಮನೆಯದೋ? ಬೆಂಗಳೂರು ತಂಡದಲ್ಲಿದ್ದವರು ಮುಂಬೈಯವರು, ಮಣಿಪುರದವರು, ಸ್ಪೇನಿನವರು. ಅವರಲ್ಲಿ ಕನ್ನಡ ಬಲ್ಲವರನ್ನು ಹುಡುಕಬೇಕು. ಆದರೆ ಮೇಳಗಳ ಲೆಕ್ಕದಲ್ಲಿ ಇದು ವಿಚಿತ್ರವೇನಲ್ಲ. ಪೆರ್ಡೂರು ಮೇಳದಲ್ಲಿ ಪೆರ್ಡೂರಿನವರೆಷ್ಟು ಜನ ಎಂದು ಯಾರೂ ಎಣಿಸಿರಲಿಲ್ಲ. ದೇವರ ಹೆಸರು ಹೊತ್ತ ಗಾಡಿ ಊರಿಗೆ ಬಂದಾಗ ಅದು ನಮ್ಮ ಮೇಳ, ಹೊನ್ನಾವರದವನು ಕುಣಿದರೂ ಕುಂದಾಪುರದವನು ಕುಣಿದರೂ. ಬೆಂಗಳೂರಿನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ತನ್ನ ಹೆಸರನ್ನು ಪಡೆದದ್ದೂ ಯಾವ ಆಟಗಾರನಿಂದಲೂ ಅಲ್ಲ, ತಾವು ನಿಲ್ಲುತ್ತಿದ್ದ ಗ್ಯಾಲರಿಯ ಹೆಸರಿನಿಂದ. ಆಟಗಾರರು ಬದಲಾಗುತ್ತಾರೆ, ನಿಲ್ಲುವ ಜಾಗ ಬದಲಾಗುವುದಿಲ್ಲ ಎಂಬ ಲೆಕ್ಕಾಚಾರ ಅದರಲ್ಲಿರಬಹುದು. ಆಮೇಲೆ ಕ್ರೀಡಾಂಗಣವೇ ಬದಲಾಯಿತು, ಹೆಸರು ಉಳಿಯಿತು.

ಇನ್ನು ಕಬಡ್ಡಿಯ ಮಾತು ಬಾರದೆ ಇಲ್ಲಿಂದ ಏಳಲು ನೀವು ಬಿಡುವುದಿಲ್ಲ. ಪ್ರೊ ಕಬಡ್ಡಿಯಲ್ಲಿ ನಡೆಯುವುದು ಹರಾಜು. ಬೆಂಗಳೂರು ಬುಲ್ಸ್ ತಂಡವನ್ನು 2019ರ ಜನವರಿಯಲ್ಲಿ ಗೆಲ್ಲಿಸಿದ ದಾಳಿಗಾರ ಪವನ್ ಸೆಹ್ರಾವತ್‌ನನ್ನು 2022ರಲ್ಲಿ ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತು. ಅಲ್ಲಿಯವರೆಗೆ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಮೊದಲ ಪಂದ್ಯ, ಅದೂ ಬೆಂಗಳೂರಿನಲ್ಲೇ. ಆಟ ಆರಂಭವಾಗಿ ಸ್ವಲ್ಪ ಹೊತ್ತಿನಲ್ಲೇ ಪವನನ ಮೊಣಕಾಲು ತಿರುಚಿತು. ಆ ಋತುವಿಗೆ ಅವನ ಕಬಡ್ಡಿ ಮುಗಿಯಿತು. ತಲೈವಾಸರ ಕಥೆಯೂ ಅಂದೇ ಮುಗಿಯಿತು ಎಂದವರೇ ಹೆಚ್ಚು. ಆದರೆ ಅದೇ ಋತುವಿನಲ್ಲಿ ಆ ತಂಡ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಸೆಮಿಫೈನಲ್ ಮುಟ್ಟಿತು. ದಾಳಿಯ ಭಾರವನ್ನು ಹೊತ್ತವನು ನರೇಂದರ್ ಎಂಬ ಹುಡುಗ. ಹರಾಜಿನ ದಿನ ತಲೈವಾಸ್ ಎಂದರೆ ಪವನ್ ಎಂದಷ್ಟೇ ಮಾತಾಗಿತ್ತು.

ಇದರಿಂದ ದೊಡ್ಡ ಹೆಸರಿಗೆ ಬೆಲೆಯಿಲ್ಲವೆಂದು ಅರ್ಥವಲ್ಲ. ದೊಡ್ಡ ಹೆಸರೇ ಪಟ್ಟಿಯ ಕೆಳಗೆ ಇಳಿದು ಕೂತರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2023ರಲ್ಲಿ ತೋರಿಸಿತು. ಆ ಋತುವಿನ ಉತ್ತರಾರ್ಧದಲ್ಲಿ ಮೀಸಲು ತಂಡದಿಂದ ಮೇಲೆ ಬಂದ ಶಿವಶಕ್ತಿ ನಾರಾಯಣನ್ ಎಂಬ ತಮಿಳು ಹುಡುಗ ಮುಂಚೂಣಿಯಲ್ಲಿ ನಿಂತ. ದೇಶದ ಅತಿ ಹೆಚ್ಚು ಗೋಲುಗಳ ಒಡೆಯ ಛೆಟ್ರಿ ಬದಲಿ ಆಟಗಾರರ ಬೆಂಚಿನಲ್ಲಿ ಕೂತರು. ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರಿನ ನಿರ್ಣಾಯಕ ಪಂದ್ಯದಲ್ಲಿ ಹಾಗೆ ಬೆಂಚಿನಿಂದ ಎದ್ದು ಬಂದವರು, ಹೆಚ್ಚುವರಿ ಆಟದಲ್ಲಿ ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಸಿಟ್ಟಿನಿಂದ ಮೈದಾನ ಬಿಟ್ಟು ಹೋದರು. ಅದು ನ್ಯಾಯವೋ ಅಲ್ಲವೋ ಎಂಬ ವಾದ ಎರಡು ರಾಜ್ಯಗಳ ನಡುವೆ ಇನ್ನೂ ಮುಗಿದಿಲ್ಲ. ಎರಡು ವಾರದ ಬಳಿಕ ಗೋವಾದಲ್ಲಿ ಫೈನಲ್. ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿಗೆ ಗಾಯ. ಮತ್ತೆ ಛೆಟ್ರಿ ಒಳಗೆ, ಮೊದಲಾರ್ಧ ಮುಗಿಯುವ ಮೊದಲು ಪೆನಾಲ್ಟಿಯಲ್ಲಿ ಗೋಲು. 2–2 ಸಮವಾಗಿ ಶೂಟೌಟಿನಲ್ಲಿ ಬೆಂಗಳೂರು ಸೋತಿತು. ಸೋತರೂ ಆಳವೆಂದರೆ ಏನೆಂದು ತಿಳಿಯಲು ಆ ಎರಡು ಪಂದ್ಯಗಳು ಸಾಕು. ಹಿರಿಯ ವೇಷಧಾರಿ ಬಾಲಗೋಪಾಲ ಕಟ್ಟಲು ಒಪ್ಪಿದಂತಿತ್ತು ಅದು. ಯಕ್ಷಗಾನದಲ್ಲೂ ಅಂಥ ಒಪ್ಪಿಗೆ ಅಪರೂಪ.

ಇಷ್ಟೆಲ್ಲ ವಾದಿಸುವ ಅಭಿಮಾನಿಗೆ ನಿಜಕ್ಕೂ ಏನು ಗೊತ್ತು ಎಂದು ಪಂಡಿತರು ಕೇಳುವುದುಂಟು. ಬಹಳ ಗೊತ್ತು ಎಂಬುದೇ ಉತ್ತರ. ಡೇರೆಯ ಮುಂದಿನ ಸಾಲಿನಲ್ಲಿ ಕೂತ ಅಕ್ಷರ ಬಾರದ ಮುದುಕರು ತಾಳ ತಪ್ಪಿದ್ದನ್ನು ಭಾಗವತರಿಗಿಂತ ಮೊದಲು ಹಿಡಿಯುತ್ತಿದ್ದರು. ಯಾವ ಹುಡುಗ ಮುಂದೆ ಪುರುಷವೇಷಕ್ಕೆ ಬರುತ್ತಾನೆಂದು ಅವನು ಕೋಡಂಗಿಯಾಗಿ ಕುಣಿಯುವಾಗಲೇ ಹೇಳುವವರಿದ್ದರು. ಆದರೆ ಅಭಿಮಾನಿಯ ಲೆಕ್ಕದಲ್ಲಿ ಒಂದು ಕಲಮು ಖಾಲಿಯಿರುತ್ತದೆ. ಪಟ್ಟಿಯಲ್ಲಿರುವವನಿಗೆ ಹೇಗಿದೆ ಎಂಬುದು ಆ ಕಲಮು. ಇವನನ್ನು ಬಿಡಿ, ಅವನನ್ನು ತನ್ನಿ ಎಂದು ಹೇಳುವುದು ಸುಲಭ. ಬಿಡಲ್ಪಟ್ಟವನು ಮನೆ ಖಾಲಿ ಮಾಡಬೇಕು, ಮಕ್ಕಳ ಶಾಲೆ ಬಿಡಿಸಬೇಕು. ಡೇರೆ ಮೇಳವೊಂದು ನಡು ತಿರುಗಾಟದಲ್ಲಿ ನಷ್ಟಕ್ಕೆ ಬಿದ್ದು ನಿಂತುಹೋದಾಗ ಎರಡನೆಯ ವೇಷದವನಿಗೆ ಇನ್ನೊಂದು ಮೇಳದ ಕರೆ ಬರುತ್ತಿತ್ತು. ಕೋಡಂಗಿಯ ಹುಡುಗ ಮಾತ್ರ ಗಂಟು ಹೊತ್ತು ಊರಿಗೆ ಮರಳುತ್ತಿದ್ದ.

ಸೂಪರ್ ಲೀಗಿನ ಡ್ರಾಫ್ಟ್ 2017ಕ್ಕೇ ಕೊನೆಯಾಯಿತು. ಅಲ್ಲಿಂದೀಚೆಗೆ ಆಟಗಾರರು ನೇರವಾಗಿ ಕ್ಲಬ್ಬುಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತಾರೆ, ಮೇಳದವರು ಮುಂಗಡ ಹಿಡಿದಂತೆ. ಲಿಂಗ್ಡೊ 2019ರಲ್ಲಿ ಬೆಂಗಳೂರಿಗೆ ಮರಳಿದರು. ಭೇಕೆ 2021ರಲ್ಲಿ ಮುಂಬೈಗೆ ಹೋಗಿ, 2024ರಲ್ಲಿ ಅಲ್ಲಿ ನಾಯಕನಾಗಿ ಕಪ್ ಎತ್ತಿ, ಅದೇ ವರ್ಷ ಬೆಂಗಳೂರಿಗೆ ತಾವೇ ಹಿಂದಿರುಗಿದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರು ಕೋಲ್ಕತ್ತದಲ್ಲಿ ಮತ್ತೊಂದು ಫೈನಲ್ ಆಡಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತಾಗ, ಅಭಿಮಾನಿಗಳು ವಾಡಿಕೆಯಂತೆ ಮುಂದಿನ ವರ್ಷದ ಪಟ್ಟಿಗೆ ಕೈಹಾಕಿದ್ದರು. ನಲವತ್ತು ದಾಟಿದ ಛೆಟ್ರಿ ಆ ಋತುವಿನಲ್ಲಿ ಹದಿನಾಲ್ಕು ಗೋಲು ಹೊಡೆದಿದ್ದರು. ಅವರ ನಂತರ ಯಾರು ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು.

ಜುಲೈಯಲ್ಲಿ ಪ್ರಶ್ನೆಯೇ ಬದಲಾಯಿತು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ನವೀಕರಣವಾಗದೆ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಬೇಕಿದ್ದ ಲೀಗಿಗೆ ದಿನಾಂಕ ಘೋಷಣೆಯಾದದ್ದು 2026ರ ಜನವರಿಯಲ್ಲಿ: ಫೆಬ್ರವರಿ 14. ಹನ್ನೊಂದರ ಬಳಗದಲ್ಲಿದ್ದವರೂ ಬೆಂಚಿನಲ್ಲಿ ಕೂರುವವರೂ ಐದು ತಿಂಗಳು ಒಂದೇ ಸಾಲಿನಲ್ಲಿ ಕಾದರು.